ಮಗುವಿನ ಮೂತ್ರದ ಬಣ್ಣ ನೋಡಿದ್ದೀರಾ?

ಆತ್ಮೀಯ ಸದಸ್ಯರೇ, ದಾನಿಗಳೇ,

ಪ್ರತಿ ಸಂಚಿಕೆಯಲ್ಲೂ ವೈದ್ಯಕೀಯ ನೆರವು ನಿಧಿಯ ಜಮಾ-ಖರ್ಚು ಬರೆಯುವುದು ನನ್ನ ಪಾಲಿನ ಕೆಲಸ. ಈ ಸಲ ಲೆಕ್ಕದ ಜೊತೆಗೆ ಇನ್ನೊಂದು ವಿಷಯ ಬರೆಯುತ್ತಿದ್ದೇನೆ. ಶೀರ್ಷಿಕೆ ನೋಡಿ ಕೆಲವರಿಗೆ ಮುಜುಗರ ಆಗಬಹುದು, ನನಗೂ ಮೊದಲು ಆಗಿತ್ತು. ನಾನು ಓದಿದ್ದು ಬಿ.ಕಾಂ., ದುಡಿದದ್ದು ಬ್ಯಾಂಕಿನಲ್ಲಿ. ಡಾಕ್ಟರ್ ಅಲ್ಲ. ಆದರೂ ಏಕೆ ಬರೆಯುತ್ತಿದ್ದೇನೆ ಎಂಬುದಕ್ಕೆ ಒಂದು ಕಾರಣವಿದೆ, ಅದನ್ನೇ ಮೊದಲು ಹೇಳುತ್ತೇನೆ.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಬಿಡಕಿನ್‌ನಿಂದ ಫೋನ್ ಬಂತು. ಬಿಡಕಿನ್ ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಸಂಭಾಜಿನಗರದಿಂದ ಪೈಠಣಕ್ಕೆ ಹೋಗುವ ರಸ್ತೆಯಲ್ಲಿ, ಎರಡಕ್ಕೂ ನಡುವೆ ಇರುವ ಊರು. ಶೇಂದ್ರಾ-ಬಿಡಕಿನ್ ಕೈಗಾರಿಕಾ ಪ್ರದೇಶ ಬಂದ ಮೇಲೆ ಅಲ್ಲಿ ರಸ್ತೆ, ಚರಂಡಿ, ಶೆಡ್ಡು ಕಟ್ಟುವ ಕೆಲಸಕ್ಕೆ ನಮ್ಮ ಯಾದಗಿರಿ, ಕಲಬುರಗಿ, ಬೀದರ್ ಕಡೆಯ ಕುಟುಂಬಗಳೂ ಬರುತ್ತವೆ. ಅಂಥ ಒಂದು ಕುಟುಂಬದ ಎರಡು ವರ್ಷದ ಹೆಣ್ಣುಮಗುವಿಗೆ ಹಿಂದಿನ ದಿನದಿಂದ ವಾಂತಿ-ಭೇದಿ. ತಾಯಿಗೆ ಮರಾಠಿ ಬಾರದು. ಆಸ್ಪತ್ರೆಯಲ್ಲಿ ಮಾತಾಡುವವರು ಬೇಕು ಎಂದು ನನ್ನನ್ನು ಕರೆದರು.

ನಾನು ಹೋದಾಗ ಮಗು ತಾಯಿಯ ತೊಡೆಯ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು. ಅಳುತ್ತಿರಲಿಲ್ಲ. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ, ‘ಲಘವೀ ಕಧೀ ಕೇಲೀ?’ ಅಂದರೆ, ಮಗು ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ? ಎರಡನೆಯ ಪ್ರಶ್ನೆ, ಅದರ ಬಣ್ಣ ಹೇಗಿತ್ತು? ನಾನು ಕನ್ನಡದಲ್ಲಿ ಕೇಳಿದೆ. ತಾಯಿಗೆ ಗೊತ್ತಿರಲಿಲ್ಲ, ಅವಳು ಹಗಲೆಲ್ಲ ಕೆಲಸದ ಜಾಗದಲ್ಲಿ ಇದ್ದವಳು. ತಂದೆಗೂ ಗೊತ್ತಿರಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಎಂಟು ವರ್ಷದ ಅಕ್ಕ ಮೆಲ್ಲಗೆ ಹೇಳಿದಳು: ‘ನಿನ್ನಿ ಸಂಜೀಕ್ ಮಾಡ್ಯಾಳ್ರಿ. ಚಹಾದ ಹಂಗಿತ್ತು.’ ಆಗ ಮಧ್ಯಾಹ್ನ ಎರಡು ಗಂಟೆ.

ಇನ್ನೊಂದು ಸಂಗತಿಯೂ ಹೊರಬಂತು. ‘ನೀರು ಕುಡಿಸಿದರೆ ಭೇದಿ ಇನ್ನೂ ಜಾಸ್ತಿ ಆಗುತ್ತದೆ’ ಎಂದು ಯಾರೋ ಹೇಳಿದ್ದರಿಂದ ರಾತ್ರಿಯಿಂದ ಮಗುವಿಗೆ ನೀರು ಕೊಟ್ಟಿರಲಿಲ್ಲ.

ಮಗು ಉಳಿಯಿತು. ನಾಲ್ಕು ದಿನ ಆಸ್ಪತ್ರೆಯಲ್ಲಿ ಇತ್ತು. ಬಿಲ್ಲಿನ ದೊಡ್ಡ ಪಾಲನ್ನು ನಮ್ಮ ನಿಧಿಯಿಂದಲೇ ಕೊಟ್ಟೆವು. ಆ ವೋಚರಿಗೆ ಸಹಿ ಹಾಕುವಾಗ ನನಗೆ ಅನ್ನಿಸಿದ್ದು ಇಷ್ಟು: ಇದರಲ್ಲಿ ಮುಖ್ಯವಾಗಿ ಕೊಟ್ಟ ಔಷಧ ಉಪ್ಪು, ಸಕ್ಕರೆ ಬೆರೆಸಿದ ನೀರು, ರಕ್ತನಾಳದ ಮೂಲಕ. ಅದೇ ನೀರನ್ನು ಹಿಂದಿನ ದಿನ ಬಾಯಿಂದ ಕುಡಿಸಿದ್ದರೆ ಬಹುಶಃ ಈ ವೋಚರೇ ಇರುತ್ತಿರಲಿಲ್ಲ. ಮನೆಗೆ ಬಂದು ನನ್ನ ಮೊಮ್ಮಗನ ಮೂತ್ರದ ಬಣ್ಣ ಇವತ್ತು ಹೇಗಿತ್ತು ಎಂದು ಕೇಳಿದೆ. ನಮ್ಮ ಮನೆಯಲ್ಲೂ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಮಕ್ಕಳ ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮಕ್ಕಳ ಖಾತೆಯಲ್ಲಿ ಬಾಕಿ ಕಡಿಮೆ

ಹುಟ್ಟಿದ ಮಗುವಿನ ತೂಕದಲ್ಲಿ ನಾಲ್ಕರಲ್ಲಿ ಮೂರು ಪಾಲು ನೀರೇ. ದೊಡ್ಡವರಲ್ಲಿ ಸುಮಾರು ಶೇ. 60. ಮಕ್ಕಳ ಮೈಯ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು, ಉಸಿರಾಟ ವೇಗ, ಹಾಗಾಗಿ ನೀರು ಬೇಗ ಹೋಗುತ್ತದೆ. ಬಾಯಾರಿಕೆ ಎಂದು ಹೇಳಲು ಚಿಕ್ಕ ಮಕ್ಕಳಿಗೆ ಬಾರದು. ಸ್ವಲ್ಪ ದೊಡ್ಡವರು ಆಟದಲ್ಲಿ ಮರೆಯುತ್ತಾರೆ.

ಲೆಕ್ಕ ಹಾಕಿ ನೋಡಿ. ಹತ್ತು ಕಿಲೋ ತೂಕದ ಮಗು ತನ್ನ ತೂಕದ ಶೇ. 5ರಷ್ಟು ನೀರು ಕಳೆದುಕೊಂಡರೆ ಕಣ್ಣು ಗುಳಿ ಬೀಳುವುದು, ಬಾಯಿ ಒಣಗುವುದು ಶುರುವಾಗುತ್ತದೆ. ಶೇ. 10 ದಾಟಿದರೆ ಜೀವಕ್ಕೆ ಅಪಾಯ. ಹತ್ತು ಕಿಲೋಗೆ ಶೇ. 5 ಎಂದರೆ ಅರ್ಧ ಲೀಟರ್. ನಾವು ಬಸ್ ಸ್ಟ್ಯಾಂಡಿನಲ್ಲಿ ಕೊಳ್ಳುವ ಸಣ್ಣ ನೀರಿನ ಬಾಟಲಿಯಷ್ಟು. ಅಪಾಯದ ಗೆರೆ ಇರುವುದು ದೊಡ್ಡ ಬಾಟಲಿಯ ಹತ್ತಿರ. ಜೋರಾಗಿ ಭೇದಿಯಾಗುವ ಮಗು ಒಂದೇ ದಿನದಲ್ಲಿ ಇಷ್ಟು ಕಳೆದುಕೊಳ್ಳಬಲ್ಲದು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಮರಾಠವಾಡದ ಬಿಸಿಲಿನಲ್ಲಿ, ತಗಡಿನ ಶೆಡ್ಡಿನೊಳಗೆ, ಬೆವರಿನಿಂದಲೂ ಹೋಗುತ್ತದೆ.

ಹಳದಿ ಬಣ್ಣ ಬರುವುದು ಎಲ್ಲಿಂದ?

ನಮ್ಮ ರಕ್ತದ ಕೆಂಪು ಕಣಗಳು ಸುಮಾರು ನಾಲ್ಕು ತಿಂಗಳು ಬದುಕಿ ಒಡೆಯುತ್ತವೆ. ಅವುಗಳ ಕೆಂಪು ವಸ್ತು ಮೊದಲು ಬಿಲಿರುಬಿನ್ ಎಂಬ ಹಳದಿ-ಕಿತ್ತಳೆ ಪದಾರ್ಥವಾಗುತ್ತದೆ. ಅದು ಕರುಳಿಗೆ ಬಂದಾಗ ಅಲ್ಲಿನ ಸೂಕ್ಷ್ಮಾಣುಗಳು ಅದನ್ನು ಬದಲಾಯಿಸುತ್ತವೆ. ಕೊನೆಗೆ ಯೂರೋಬಿಲಿನ್ ಎಂಬ ಹಳದಿ ಬಣ್ಣವಾಗಿ ಮೂತ್ರದಲ್ಲಿ ಹೊರಹೋಗುತ್ತದೆ. ಕರುಳಿನ ಸೂಕ್ಷ್ಮಾಣುಗಳ ಯಾವ ಕಿಣ್ವ ಈ ಕೆಲಸ ಮಾಡುತ್ತದೆ ಎಂಬುದನ್ನು ವಿಜ್ಞಾನಿಗಳು ಪ್ರಕಟಿಸಿದ್ದು ತೀರಾ ಇತ್ತೀಚೆಗೆ, 2024ರಲ್ಲಿ.

ಈ ಬಣ್ಣ ದಿನಕ್ಕೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೊರಬರುತ್ತದೆ. ಬದಲಾಗುವುದು ಅದರ ಜೊತೆಗೆ ಹೋಗುವ ನೀರು. ಮೈಯಲ್ಲಿ ನೀರು ಸಾಕಷ್ಟಿದ್ದರೆ ಮೂತ್ರಪಿಂಡ ಧಾರಾಳವಾಗಿ ಬಿಡುತ್ತದೆ, ಬಣ್ಣ ತಿಳಿಯಾಗುತ್ತದೆ. ನೀರು ಕಡಿಮೆಯಾದರೆ ಮೂತ್ರಪಿಂಡ ಕೈ ಬಿಗಿಹಿಡಿಯುತ್ತದೆ, ಅದೇ ಬಣ್ಣ ಸ್ವಲ್ಪ ನೀರಿನಲ್ಲಿ ಬಂದು ಗಾಢವಾಗುತ್ತದೆ. ಒಂದು ಚಮಚ ಅರಿಸಿನವನ್ನು ಕೊಡದಲ್ಲಿ ಕಲಸಿದ್ದಕ್ಕೂ ಲೋಟದಲ್ಲಿ ಕಲಸಿದ್ದಕ್ಕೂ ಇರುವ ವ್ಯತ್ಯಾಸ ಇದು.

ನಮ್ಮ ಹಿರಿಯರು ಹಳದಿ ಮೂತ್ರ, ಉರಿಮೂತ್ರ ಕಂಡರೆ ‘ಉಷ್ಣ ಆಗಿದೆ’ ಎಂದು ಎಳನೀರು, ಬಾರ್ಲಿ ನೀರು, ಮಜ್ಜಿಗೆ ಕುಡಿಸುತ್ತಿದ್ದರು. ಅವರು ಹೇಳಿದ ಕಾರಣ ಬೇರೆ, ಆದರೆ ಮಾಡಿದ್ದು ನೀರು ಕುಡಿಸುವ ಕೆಲಸವೇ. ಅಮೆರಿಕದ ಲಾರೆನ್ಸ್ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು 1994ರಲ್ಲಿ ಇದನ್ನೇ 8 ಬಣ್ಣಗಳ ಪಟ್ಟಿಯಾಗಿ ಮಾಡಿದರು. ಅದು ಮೊದಲು ದೊಡ್ಡವರಿಗಾಗಿ ಇದ್ದದ್ದು. ಆಮೇಲೆ 8ರಿಂದ 14 ವರ್ಷದ ಆರೋಗ್ಯವಂತ ಮಕ್ಕಳಲ್ಲೂ ಪರೀಕ್ಷಿಸಿ, ಉಪಯೋಗಕ್ಕೆ ಬರುತ್ತದೆ ಎಂದು ಕಂಡುಕೊಂಡರು.

ಬಣ್ಣ ಓದುವುದು ಹೇಗೆ?

ಮುದ್ರಿತ ಪಟ್ಟಿ ಇಲ್ಲದಿದ್ದರೂ ನಮ್ಮ ಅಡುಗೆಮನೆಯ ಹೋಲಿಕೆಗಳು ಸಾಕು.

• ಅಕ್ಕಿ ತೊಳೆದ ಎರಡನೆಯ ನೀರಿನಂತೆ ತಿಳಿ, ಅಥವಾ ನಿಂಬೆ ಹಿಂಡಿದ ನೀರಿನಂತೆ ನಸು ಹಳದಿ: ಸಾಕಷ್ಟು ನೀರಿದೆ. ಹೀಗೇ ಮುಂದುವರಿಸಿ.

• ಅರಿಸಿನದ ನೀರಿನಂತೆ ಎದ್ದು ಕಾಣುವ ಹಳದಿ: ನೀರು ಕಡಿಮೆ ಬಿದ್ದಿದೆ. ಈಗಲೇ ಒಂದು ಲೋಟ ಕೊಡಿ, ಗಂಟೆಗೊಮ್ಮೆ ನೆನಪಿಸಿ.

• ಜೇನುತುಪ್ಪದಂತೆ ಅಥವಾ ಸಾಸಿವೆ ಎಣ್ಣೆಯಂತೆ ಗಾಢ, ವಾಸನೆ ಜೋರು, ಪ್ರಮಾಣ ಸ್ವಲ್ಪ: ಕೊರತೆ ಚೆನ್ನಾಗಿಯೇ ಆಗಿದೆ. ಆಟ ನಿಲ್ಲಿಸಿ ನೆರಳಿಗೆ ತನ್ನಿ, ಕುಡಿಸುತ್ತಾ ಇರಿ. ಭೇದಿ, ವಾಂತಿ, ಜ್ವರ ಇದ್ದರೆ ಓಆರ್‌ಎಸ್ ಶುರುಮಾಡಿ.

• ಕಪ್ಪು ಚಹಾ ಅಥವಾ ಕೋಲಾದ ಬಣ್ಣ: ಅದೇ ದಿನ ಡಾಕ್ಟರಿಗೆ ತೋರಿಸಿ. ಇದು ನೀರಿನ ಕೊರತೆಯೂ ಇರಬಹುದು, ಕಾಮಾಲೆ ಅಥವಾ ಮೂತ್ರಪಿಂಡದ ತೊಂದರೆಯೂ ಇರಬಹುದು.

ನೋಡುವ ಹೊತ್ತು ಮುಖ್ಯ. ಬೆಳಿಗ್ಗೆ ಎದ್ದ ತಕ್ಷಣದ ಮೂತ್ರ ಎಲ್ಲರಿಗೂ ಗಾಢವೇ, ರಾತ್ರಿಯೆಲ್ಲ ನೀರು ಕುಡಿದಿರುವುದಿಲ್ಲ. ಅದನ್ನು ನೋಡಿ ಗಾಬರಿ ಬೇಡ. ಮಧ್ಯಾಹ್ನದ್ದು, ಸಂಜೆಯದ್ದು ನೋಡಿ. ಕಮೋಡಿನ ನೀರಿನಲ್ಲಿ ಬೆರೆತರೆ ಬಣ್ಣ ತಪ್ಪು ಕಾಣುತ್ತದೆ. ಬಿಳಿ ಡಬ್ಬಿಯಲ್ಲಿ, ಹಗಲು ಬೆಳಕಿನಲ್ಲಿ ನೋಡುವುದು ಸರಿ.

ಬಣ್ಣ ತಪ್ಪು ಹೇಳುವುದೂ ಉಂಟು

ಪಾಸ್‌ಬುಕ್ಕಿನಲ್ಲಿ ನಮೂದು ತಪ್ಪಿದ್ದರೆ ಲೆಜರ್ ತೆಗೆದು ನೋಡುತ್ತಿದ್ದೆವು. ಇಲ್ಲೂ ಹಾಗೆಯೇ. ಬಿ-ಕಾಂಪ್ಲೆಕ್ಸ್ ಸಿರಪ್ ಕುಡಿದ ಮಗುವಿನ ಮೂತ್ರ ಹೊಳೆಯುವ ಹಳದಿ ಆಗುತ್ತದೆ, ಅದು ಔಷಧದ ಬಣ್ಣ. ಬೀಟ್‌ರೂಟ್ ತಿಂದರೆ ಗುಲಾಬಿ. ಕ್ಷಯರೋಗದ ರಿಫಾಂಪಿಸಿನ್ ಮಾತ್ರೆ ಕಿತ್ತಳೆ-ಕೆಂಪು ಮಾಡುತ್ತದೆ. ಯಾವ ಕಾರಣವೂ ಇಲ್ಲದೆ ಕೆಂಪಾದರೆ ಡಾಕ್ಟರಿಗೆ ತೋರಿಸಲೇಬೇಕು.

ತಿಳಿ ಮೂತ್ರವನ್ನೂ ಕಣ್ಣುಮುಚ್ಚಿ ನಂಬಬಾರದು. ಮಗು ಪದೇ ಪದೇ, ಧಾರಾಳವಾಗಿ, ತಿಳಿಯಾಗಿ ಮೂತ್ರ ಮಾಡುತ್ತಿದೆ, ರಾತ್ರಿ ಎದ್ದೆದ್ದು ನೀರು ಕೇಳುತ್ತಿದೆ, ಊಟ ಮಾಡಿದರೂ ಸೊರಗುತ್ತಿದೆ ಎಂದರೆ ಅದು ಮಕ್ಕಳ ಸಕ್ಕರೆ ಕಾಯಿಲೆಯ ಲಕ್ಷಣ ಇರಬಹುದು. ಅಂಥ ಮಗುವಿನ ಮೂತ್ರ ತಿಳಿಯಾಗಿದ್ದರೂ ಮೈ ಒಣಗುತ್ತಿರುತ್ತದೆ. ಅದೇ ದಿನ ರಕ್ತದ ಸಕ್ಕರೆ ನೋಡಿಸಿ.

ಎಳೆಯ ಕೂಸುಗಳಲ್ಲಿ ಬಣ್ಣಕ್ಕಿಂತ ಎಣಿಕೆ ಮುಖ್ಯ. ಅವುಗಳ ಮೂತ್ರಪಿಂಡ ಇನ್ನೂ ಬಲಿತಿರುವುದಿಲ್ಲ, ಮೂತ್ರವನ್ನು ದೊಡ್ಡವರಷ್ಟು ಗಾಢ ಮಾಡಲಾರವು. ಆದ್ದರಿಂದ ಕೊರತೆ ಇದ್ದರೂ ಬಣ್ಣ ತೆಳುವಾಗಿ ಕಾಣಬಹುದು. ಹುಟ್ಟಿದ ಮೊದಲ ವಾರ ಕಳೆದ ಮೇಲೆ ದಿನಕ್ಕೆ ಕನಿಷ್ಠ 6 ಸಲ ಬಟ್ಟೆ ಒದ್ದೆಯಾಗಬೇಕು. ಮೊದಲ ಎರಡು-ಮೂರು ದಿನ ಬಟ್ಟೆಯ ಮೇಲೆ ಇಟ್ಟಿಗೆ ಪುಡಿಯಂಥ ಗುಲಾಬಿ ಕಲೆ ಕಾಣುವುದುಂಟು, ಆಮೇಲೂ ಮುಂದುವರಿದರೆ ಹಾಲು ಸಾಲುತ್ತಿಲ್ಲ ಎಂದು ತಿಳಿದು ಡಾಕ್ಟರನ್ನು ಕೇಳಿ. ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು, ಬೇಸಿಗೆಯಲ್ಲೂ ಬೇರೆ ನೀರು ಬೇಡ. ಸೆಕೆ ಎಂದು ಕೂಸಿಗೆ ನೀರು ಕುಡಿಸುವ ಬದಲು ಎದೆಹಾಲನ್ನೇ ಹೆಚ್ಚು ಸಲ ಕೊಡಬೇಕು, ಜೊತೆಗೆ ತಾಯಿಯೂ ಚೆನ್ನಾಗಿ ನೀರು ಕುಡಿಯಬೇಕು.

ಭೇದಿ ಆಗುವಾಗ ಮಲ-ಮೂತ್ರ ಬೆರೆತು ಬಣ್ಣ ಕಾಣುವುದೇ ಇಲ್ಲ. ಆಗ ಮಗುವನ್ನೇ ನೋಡಬೇಕು. ಕಣ್ಣು ಗುಳಿ ಬಿದ್ದಿದೆಯೇ? ಅತ್ತರೆ ಕಣ್ಣೀರು ಬರುತ್ತದೆಯೇ? ನಾಲಿಗೆ ಒಣಗಿದೆಯೇ? ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟರೆ ತಕ್ಷಣ ಸಮನಾಗುತ್ತದೆಯೇ, ನಿಧಾನವಾಗಿ ಇಳಿಯುತ್ತದೆಯೇ? ಮಗು ಮಂಕಾಗಿ ಮಲಗಿಯೇ ಇದ್ದರೆ, ಕುಡಿಯಲಾರದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಮಲದಲ್ಲಿ ರಕ್ತ ಬಂದರೆ, 6ರಿಂದ 8 ಗಂಟೆ ಮೂತ್ರವೇ ಇಲ್ಲದಿದ್ದರೆ ಕಾಯಬಾರದು. 108ಕ್ಕೆ ಕರೆ ಮಾಡಿ. ಕುಡಿಯುವ ಸ್ಥಿತಿಯಲ್ಲಿದ್ದರೆ ದಾರಿಯಲ್ಲೂ ಓಆರ್‌ಎಸ್ ಗುಟುಕು ಗುಟುಕಾಗಿ ಕೊಡುತ್ತಾ ಹೋಗಿ. ಸಂಭಾಜಿನಗರದಲ್ಲಿ ಎಲ್ಲರೂ ‘ಘಾಟಿ’ ಎನ್ನುವ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಮರಾಠಿ ಬಾರದವರು ‘ಲಘವಿ’ ಎಂಬ ಒಂದು ಪದ ನೆನಪಿಟ್ಟುಕೊಂಡರೂ ಸಾಕು.

ಪುಡಿ ಒಂದು, ನೀರು ಒಂದು ಲೀಟರ್

‘ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆ’ ಎಂಬ ಮಾತು ಎಷ್ಟು ಮಕ್ಕಳ ಪ್ರಾಣಕ್ಕೆ ಬಂದಿದೆಯೋ. ಭೇದಿಯಾಗುವಾಗಲೂ ಕರುಳಿನ ಒಂದು ಬಾಗಿಲು ತೆರೆದೇ ಇರುತ್ತದೆ. ಗ್ಲೂಕೋಸ್ ಮತ್ತು ಉಪ್ಪು ಜೊತೆಯಾಗಿ ಬಂದರೆ ಕರುಳು ಎರಡನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ, ಅವುಗಳ ಹಿಂದೆ ನೀರೂ ಹೋಗುತ್ತದೆ. ಓಆರ್‌ಎಸ್ ಕೆಲಸ ಮಾಡುವುದು ಹೀಗೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ, ಗಡಿಯ ಬನಗಾಂವ್‌ನಲ್ಲಿ ಸಲೈನ್ ಬಾಟಲಿ ಮುಗಿದುಹೋಗುತ್ತಿತ್ತು. ಡಾ. ದಿಲೀಪ್ ಮಹಲನೋಬಿಸ್ ಉಪ್ಪು-ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇ. 20ರಿಂದ 30ರಷ್ಟಿದ್ದ ಸಾವು ಶೇ. 4ಕ್ಕಿಂತ ಕೆಳಗೆ ಇಳಿಯಿತು. ಕುಡಿಸಿದವರು ನರ್ಸುಗಳಲ್ಲ, ಅಮ್ಮಂದಿರು, ಅಣ್ಣಂದಿರು. 2022ರಲ್ಲಿ ಅವರು ತೀರಿಕೊಂಡರು. ಮರುವರ್ಷ ಪದ್ಮವಿಭೂಷಣ ಬಂತು.

ಆದರೆ ಅಳತೆ ತಪ್ಪಬಾರದು. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದೇ ಸಲ, ಶುದ್ಧವಾದ ಒಂದು ಲೀಟರ್ ನೀರಿನಲ್ಲಿ ಕಲಸಬೇಕು. 200 ಮಿಲಿಯ ಸಣ್ಣ ಪೊಟ್ಟಣವೂ ಬರುತ್ತದೆ, ಮೇಲೆ ಬರೆದದ್ದನ್ನು ಓದಿ. ಬಿಡಕಿನ್ ಶೆಡ್ಡಿನಲ್ಲಿ ಒಬ್ಬ ತಾಯಿ ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಹಾಕಿದ್ದನ್ನು ನಾನೇ ಕಂಡಿದ್ದೇನೆ. ಅಷ್ಟು ಉಪ್ಪು ಮಗುವಿಗೆ ಅಪಾಯ. ಅವಳ ತಪ್ಪೇನಿಲ್ಲ, ಆ ಮನೆಯಲ್ಲಿ ಲೀಟರ್ ಅಳೆಯುವ ಪಾತ್ರೆಯೇ ಇರಲಿಲ್ಲ. ಕಲಸಿದ ನೀರನ್ನು ಕುದಿಸಬಾರದು, 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಬೇಕು.

ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿ. ಚಮಚದಲ್ಲಿ, ನಿಧಾನವಾಗಿ. ವಾಂತಿಯಾದರೆ 10 ನಿಮಿಷ ಬಿಟ್ಟು ಮತ್ತೆ ಇನ್ನೂ ನಿಧಾನವಾಗಿ ಕೊಡಿ. ಎದೆಹಾಲು, ಗಂಜಿ, ಮೆತ್ತನೆಯ ಅನ್ನ ನಿಲ್ಲಿಸಬಾರದು. ಡಾಕ್ಟರು ಅಥವಾ ಆಶಾ ಕಾರ್ಯಕರ್ತೆ ಜಿಂಕ್ ಮಾತ್ರೆ ಕೊಟ್ಟರೆ ಭೇದಿ ನಿಂತರೂ 14 ದಿನ ಪೂರ್ತಿ ಮಾಡಿ. ಪೊಟ್ಟಣ ಸಿಗದ ಹೊತ್ತಿನಲ್ಲಿ ಒಂದು ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಬಹುದು.

ಅಂಗಡಿಯ ಬಣ್ಣಬಣ್ಣದ ಪಾನೀಯ ಓಆರ್‌ಎಸ್ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2002ರ ಸೂತ್ರದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು ಇದೆ. ಕೋಲಾದಲ್ಲಿ ಲೀಟರಿಗೆ 100 ಗ್ರಾಂಗೂ ಹೆಚ್ಚು ಸಕ್ಕರೆ. ಅಷ್ಟು ಸಕ್ಕರೆ ನೀರನ್ನು ಕರುಳಿಗೇ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಹೆಸರಿನಲ್ಲಿ ‘ಓಆರ್‌ಎಸ್’ ಎಂದು ಹಾಕಿಕೊಂಡ ಸಿಹಿ ಪಾನೀಯಗಳ ವಿರುದ್ಧ ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು, ಸೂತ್ರದ ಪ್ರಕಾರ ಇಲ್ಲದ ಪಾನೀಯಗಳು ಆ ಹೆಸರು ಬಳಸಬಾರದೆಂದು ಆದೇಶಿಸಿತು. ಕೊಳ್ಳುವಾಗ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿದೆಯೇ ನೋಡಿ.

ಕಾಯಿಲೆ ಇಲ್ಲದ ದಿನಗಳಲ್ಲೂ

ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯ ಲೆಕ್ಕದಲ್ಲಿ 2-3 ವರ್ಷದ ಮಗುವಿಗೆ ಊಟದಲ್ಲಿರುವುದೂ ಸೇರಿ ದಿನಕ್ಕೆ 1.3 ಲೀಟರ್, 4ರಿಂದ 8 ವರ್ಷದವರಿಗೆ 1.6 ಲೀಟರ್ ನೀರು ಬೇಕು. ಅದು ಅಲ್ಲಿನ ತಂಪು ಹವೆಗೆ ಹಾಕಿದ ಲೆಕ್ಕ. ನಮ್ಮ ಬೇಸಿಗೆಗೆ ಇನ್ನೂ ಹೆಚ್ಚು ಬೇಕು.

ನಮ್ಮ ಶಾಲೆಯ ದಿನಗಳಲ್ಲಿ ಕಿರುಬೆರಳು ಎತ್ತಿ ‘ಒಂದಕ್ಕೆ ಹೋಗಲಾ ಸಾರ್?’ ಎಂದು ಕೇಳುತ್ತಿದ್ದೆವು. ಈಗ ಶಾಲೆಯ ಶೌಚಾಲಯ ಕೊಳಕೆಂದು ಎಷ್ಟೋ ಹುಡುಗಿಯರು ನೀರನ್ನೇ ಕುಡಿಯದೆ ಸಂಜೆಯವರೆಗೆ ತಡೆಯುತ್ತಾರೆ. ಇದರಿಂದ ಮೂತ್ರದ ಸೋಂಕೂ ಬರುತ್ತದೆ. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಹೊಡೆಯುವ ಪದ್ಧತಿ ಸುದ್ದಿಯಾಯಿತು, ಅದೇ ವರ್ಷ ಕರ್ನಾಟಕಕ್ಕೂ ಬಂತು. ಮನೆಯಲ್ಲೂ ಮಾಡಬಹುದು. ನಾನು ಮೊಮ್ಮಗನಿಗೆ ಫೋನಿನಲ್ಲಿ ಗಂಟೆ ಇಟ್ಟಿದ್ದೇನೆ. ಸಂಜೆ ‘ಇವತ್ತಿನ ಬಣ್ಣ?’ ಎಂದು ಕೇಳಿದರೆ ‘ನಿಂಬು ಪಾನಿ, ಅಜ್ಜ’ ಎಂದು ಕೂಗುತ್ತಾನೆ. ಅವನ ಅಮ್ಮನಿಗೆ ಮಾತ್ರ ನಾಚಿಕೆ.

ಆದರೆ ಕುಡಿಯಲು ನೀರು ಇರಬೇಕಲ್ಲ. ಬಿಡಕಿನ್ ದಾಟಿ ಪೈಠಣಕ್ಕೆ ಹೋದರೆ ಗೋದಾವರಿಗೆ ಕಟ್ಟಿದ ಜಾಯಕವಾಡಿ ಅಣೆಕಟ್ಟಿನ ನಾಥಸಾಗರ ಸಮುದ್ರದಂತೆ ಕಾಣುತ್ತದೆ. ಅದರ ನೀರು ಬರುವ ಸಂಭಾಜಿನಗರದಲ್ಲೇ ನಲ್ಲಿಗೆ ಹಲವು ದಿನಕ್ಕೊಮ್ಮೆ ನೀರು. ಶೆಡ್ಡಿನಲ್ಲಿರುವವರು ಟ್ಯಾಂಕರಿನದ್ದು ಹಿಡಿದು ಡ್ರಮ್ಮಿನಲ್ಲಿ ತುಂಬಿಡುತ್ತಾರೆ. ಮಗು ಅದೇ ಡ್ರಮ್ಮಿಗೆ ಲೋಟ ಅದ್ದಿ ಕುಡಿಯುತ್ತದೆ. ಭೇದಿ ಶುರುವಾಗುವುದು ಅಲ್ಲಿಂದಲೇ.

ನಮ್ಮ ವಿನಂತಿ

ಆಸ್ಪತ್ರೆ ಬಿಲ್ಲಿಗೆ ನೆರವು ಕೊಡುವುದನ್ನು ನಾವು ನಿಲ್ಲಿಸುವುದಿಲ್ಲ. ಅದರ ಜೊತೆಗೆ ಈ ಬೇಸಿಗೆಗೆ ಮುಂಚೆ, ಬಿಡಕಿನ್ ಕಡೆ ಇರುವ ನಮ್ಮ ಜನರ ಪ್ರತಿ ಕುಟುಂಬಕ್ಕೂ ಒಂದು ಚೀಲ ಕೊಡಬೇಕೆಂದು ಸಮಿತಿ ನಿರ್ಧರಿಸಿದೆ. ಅದರಲ್ಲಿ ಒಂದು ಲೀಟರಿನ ಗೆರೆ ಇರುವ ಬಾಟಲಿ, ನಾಲ್ಕು ಓಆರ್‌ಎಸ್ ಪೊಟ್ಟಣ, ನಲ್ಲಿ ಮತ್ತು ಮುಚ್ಚಳ ಇರುವ ನೀರಿನ ಡಬ್ಬಿ, ಕನ್ನಡ ಮತ್ತು ಮರಾಠಿಯಲ್ಲಿ ಬರೆದ ಬಣ್ಣದ ಕಾರ್ಡು ಇರುತ್ತದೆ. ಓಆರ್‌ಎಸ್ ಸರಕಾರಿ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ ಉಚಿತವಾಗಿಯೂ ಸಿಗುತ್ತದೆ, ಅದನ್ನು ಕಾರ್ಡಿನಲ್ಲೇ ಬರೆಯುತ್ತೇವೆ. ನಿಧಿಗೆ ಬಂದ ಪ್ರತಿ ರೂಪಾಯಿಗೂ ರಶೀದಿ ಇರುತ್ತದೆ, ಖರ್ಚಿನ ಲೆಕ್ಕ ಎಂದಿನಂತೆ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಹಣ ಕೊಡಲು ಆಗದವರು ಒಂದು ಭಾನುವಾರ ಕೊಟ್ಟರೂ ಸಾಕು. ಕನ್ನಡ, ಮರಾಠಿ ಎರಡೂ ಬಲ್ಲವರು ಆಸ್ಪತ್ರೆಯಲ್ಲಿ ಮಾತಾಡಲು ಹೆಸರು ಕೊಟ್ಟರೆ ಇನ್ನೂ ಒಳ್ಳೆಯದು.

ಕಾರ್ಡು ಅಕ್ಷರಕ್ಕಿಂತ ಚಿತ್ರವೇ ಹೆಚ್ಚು ಇರುವಂತೆ ಮಾಡಿಸುತ್ತಿದ್ದೇವೆ. ಅದನ್ನು ಯಾರ ಕೈಗೆ ಕೊಡಬೇಕು ಎಂದು ಸಮಿತಿಯಲ್ಲಿ ಚರ್ಚೆ ಬಂತು. ತಾಯಿಗೆ ಎಂದರು, ತಂದೆಗೆ ಎಂದರು. ಇಬ್ಬರಿಗೂ ಕೊಡೋಣ. ಆದರೆ ಹಗಲು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಓಡಾಡುವ ಎಂಟು ವರ್ಷದ ಅಕ್ಕನನ್ನೂ ಕೂರಿಸಿ ಹೇಳಿಕೊಡಬೇಕು ಎಂದು ನಾನು ಕೇಳಿಕೊಂಡಿದ್ದೇನೆ. ಆ ದಿನ ಬಣ್ಣ ನೋಡಿದವಳು ಅವಳೊಬ್ಬಳೇ. ಅದರ ಅರ್ಥವನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇಂದು ಸಂಜೆ ನಿಮ್ಮ ಮನೆಯ ಮಗುವನ್ನೂ ಒಮ್ಮೆ ಕೇಳಿ.

ವೈದ್ಯಕೀಯ ನೆರವು ನಿಧಿಯ ಪರವಾಗಿ